ಉಕುಲೆಲೆ ಕೊಳ್ಳೋ ಮುಂಚೆ: ಲ್ಯಾಮಿನೇಟಾ, ಸಾಲಿಡ್ ಮರವಾ?

ಇವತ್ತು ಮಾತಿಗೆ ಮುಂಚೆ ನಿಮ್ಮ ಕಿವಿಗೆ ಒಂದು ಪರೀಕ್ಷೆ. ಎರಡು ಉಕುಲೆಲೆ ನುಡಿಸ್ತೀನಿ. ಎರಡೂ ಕಾನ್ಸರ್ಟ್ ಸೈಜ್. ಅದೇ ತಂತಿ, ಅದೇ ಮೈಕ್, ಅದೇ ಟ್ಯೂನ್. ಯಾವುದು ದುಬಾರಿದು, ಊಹಿಸಿ.

[ಎರಡು ಉಕುಲೆಲೆಗಳ ನಾದ, ಒಂದಾದ ಮೇಲೊಂದು]

ಮೊದಲನೇದು ಲ್ಯಾಮಿನೇಟ್, 4,500 ರೂಪಾಯಿ. ಎರಡನೇದು ಪೂರ್ತಿ ಸಾಲಿಡ್ ಮಹಾಗನಿ, 16,000 ರೂಪಾಯಿ. ತಪ್ಪಾಯ್ತಾ? ಬೇಜಾರಾಗ್ಬೇಡಿ, ನಮ್ಮ ಅಕ್ಕನೂ ತಪ್ಪು ಹೇಳಿದ್ಳು.

ವ್ಯತ್ಯಾಸ ಇಲ್ಲ ಅಂತಲ್ಲ, ಇದೆ. ತಂತಿ ಮೀಟಿದಾಗ ಅದರ ಕಂಪನ ಬ್ರಿಡ್ಜ್ ಮೂಲಕ, ಅಂದ್ರೆ ವೀಣೆಯಲ್ಲಿ ಕುದುರೆ ಅಂತೀವಲ್ಲ ಅದರ ಮೂಲಕ, ಮೇಲಿನ ಹಲಗೆಗೆ ಇಳಿಯುತ್ತೆ. ನಾವು ಕೇಳೋದು ಹೆಚ್ಚಾಗಿ ಆ ಹಲಗೆಯ ಕಂಪನವನ್ನೇ. ಸಾಲಿಡ್‌ನಲ್ಲಿ ಆ ಹಲಗೆ ಉದ್ದಕ್ಕೂ ಒಂದೇ ಮರ. ಹಗುರವಾಗಿ ಕಂಪಿಸುತ್ತೆ, ಸ್ವರ ಇನ್ನೊಂದಿಷ್ಟು ಹೊತ್ತು ನಿಲ್ಲುತ್ತೆ. ಮೆಲ್ಲಗೆ ನುಡಿಸಿದ್ದು, ಜೋರಾಗಿ ನುಡಿಸಿದ್ದು ಬೇರೆಬೇರೆಯಾಗಿ ಕೇಳುತ್ತೆ. ಲ್ಯಾಮಿನೇಟ್ ಅಂದ್ರೆ ತೆಳು ಪದರಗಳನ್ನು ಅಂಟಿಸಿದ್ದು, ನಮ್ಮ ಪ್ಲೈವುಡ್ ಥರ. ಒಂದು ಪದರದ ಎಳೆ ಉದ್ದಕ್ಕಿದ್ರೆ ಇನ್ನೊಂದರದ್ದು ಅಡ್ಡಕ್ಕೆ. ಅಂಟು, ಬಿಗಿ ಜಾಸ್ತಿ, ಹಾಗಾಗಿ ಸ್ವರ ಬೇಗ ತಗ್ಗುತ್ತೆ. ಆದ್ರೆ ಚೆನ್ನಾಗಿ ಮಾಡಿದ ತೆಳು ಲ್ಯಾಮಿನೇಟು, ದಪ್ಪಗೆ ಕೆತ್ತಿದ ಸಾಲಿಡ್‌ಗಿಂತ ಇಂಪಾಗಿ ನುಡಿಯೋದೂ ಉಂಟು.

ಇನ್ನು ನನ್ನ ಕಥೆ. ಈ ಪಾಡ್‌ಕಾಸ್ಟ್‌ನಿಂದ ಬಂದ ಮೊದಲ ದುಡ್ಡಲ್ಲಿ ಆ ಸಾಲಿಡ್ ತಗೊಂಡೆ. ಮೇ ತಿಂಗಳಲ್ಲಿ ರಾಯಚೂರಿಗೆ, ಅಜ್ಜಿ ಮನೆಗೆ ಒಯ್ದೆ. ಚೆಂದ ಕಾಣುತ್ತೆ ಅಂತ ಗೋಡೆಗೆ ನೇತುಹಾಕಿದೆ. ಹತ್ತೇ ದಿನಕ್ಕೆ ಬ್ರಿಡ್ಜ್ ಕೆಳಗೆ ಕೂದಲೆಳೆಯಷ್ಟು ಬಿರುಕು. ರಿಪೇರಿಗೆ 2,500 ರೂಪಾಯಿ. ಅಜ್ಜಿ ಒಂದೇ ಮಾತು ಅಂದ್ರು: "ಬಾಗಿಲು ಬ್ಯಾಸಗ್ಯಾಗ ಸಡ್ಲ ಆಗ್ತಾವ, ಮಳೆಗಾಲದಾಗ ಬಿಗೀತಾವ. ಇದೂ ಕಟ್ಟಿಗಿನೇ ಅಲ್ಲೇನು?"

ಅದೇ ವಿಷಯ. ಒಣಹವೆಯಲ್ಲಿ ಮರ ತೇವ ಕಳ್ಕೊಂಡು ಎಳೆಗೆ ಅಡ್ಡವಾಗಿ ಕುಗ್ಗುತ್ತೆ, ಎಳೆಯ ಉದ್ದಕ್ಕೆ ಸೀಳುತ್ತೆ. ಲ್ಯಾಮಿನೇಟ್‌ನಲ್ಲಿ ಅಡ್ಡ ಪದರ ಆ ಕುಗ್ಗುವಿಕೆಯನ್ನ ಹಿಡಿದಿಡುತ್ತೆ. 1879ರಲ್ಲಿ ಮಡೀರಾ ದ್ವೀಪದಿಂದ ಹವಾಯಿಗೆ ಬಂದ ಪೋರ್ಚುಗೀಸ್ ವಲಸಿಗರ ಪುಟ್ಟ ವಾದ್ಯದಿಂದ ಉಕುಲೆಲೆ ಬೆಳೀತು. ಅಲ್ಲಿನವರು ಅದನ್ನ ತಮ್ಮ ಕೋವಾ ಮರದಲ್ಲಿ ಮಾಡಿದ್ರು. ಸುತ್ತ ಸಮುದ್ರ ಇರೋ ಆ ದ್ವೀಪವೆಲ್ಲಿ, ರಾಯಚೂರಿನ ಬೇಸಿಗೆಯೆಲ್ಲಿ!

ನಾನು ಬಿ.ಕಾಂ. ಓದಿದವ್ರ ಪೈಕಿ, ಲೆಕ್ಕ ಬಿಡಲ್ಲ: ಕೊಳ್ಳೋ ಬೆಲೆ ಬೇರೆ, ಇಟ್ಕೊಳ್ಳೋ ಖರ್ಚು ಬೇರೆ. ಸಾಲಿಡ್ ತಗೊಂಡ್ರೆ ಗಟ್ಟಿ ಕೇಸ್, ತೇವ ಅಳೆಯೋ ಪುಟ್ಟ ಮೀಟರ್, ಬೇಸಿಗೆಗೆ ತೇವ ಕೊಡೋ ಹ್ಯೂಮಿಡಿಫೈಯರ್ ಕೂಡ ಬಜೆಟ್‌ಗೆ ಸೇರಿಸಿ. ಕೇಸ್ ಒಳಗೆ ತೇವಾಂಶ ಶೇ. 45ರಿಂದ 55ರ ಆಸುಪಾಸಿನಲ್ಲಿದ್ರೆ ಒಳ್ಳೇದು.

ಅಂಗಡಿಯಲ್ಲಿ ಏನು ನೋಡ್ಬೇಕು? ಬರೀ 'ಮಹಾಗನಿ' ಅಂತ ಬರೆದಿದ್ರೆ ನಂಬ್ಬೇಡಿ, ಮೇಲಿನ ಪದರ ಮಾತ್ರ ಮಹಾಗನಿ ಇರಬಹುದು. 'ಸಾಲಿಡ್ ಟಾಪ್' ಅಂದ್ರೆ ಮೇಲಿನ ಹಲಗೆ ಮಾತ್ರ ಸಾಲಿಡ್, 'ಆಲ್ ಸಾಲಿಡ್' ಅಂದ್ರೆ ಪಕ್ಕ, ಹಿಂಬದಿಯೂ ಸೇರಿ. ನಾದ ಹೊರಡೋ ತೂತಿನ ಅಂಚು ನೋಡಿ. ಮೇಲಿನ ಎಳೆ ಹಾಗೇ ಒಳಗೆ ಇಳಿದಿದ್ರೆ ಸಾಲಿಡ್, ಪದರಪದರವಾಗಿ ಗೆರೆ ಕಂಡ್ರೆ ಲ್ಯಾಮಿನೇಟ್.

ಈಗಷ್ಟೇ ಕಲೀತಿದ್ರೆ, ಮನೇಲಿ ಮಕ್ಕಳಿದ್ರೆ, ಬಸ್ಸಲ್ಲಿ ಒಯ್ಯೋದಿದ್ರೆ ಲ್ಯಾಮಿನೇಟೇ ಸಾಕು. ಕೈ ಪಳಗಿದೆ, ನಿಮ್ಮ ಕಿವಿಯೇ ಇನ್ನಷ್ಟು ಕೇಳ್ತಿದೆ ಅನ್ನಿಸಿದ್ರೆ ಸಾಲಿಡ್‌ಗೆ ಹೋಗಿ. ನನ್ನ ಸಾಲಿಡ್ ಈಗ ಕೇಸ್ ಒಳಗಿದೆ. ದಿನಾ ಕೈಗೆ ಬರೋದು ಮಾತ್ರ ಆ 4,500ರದ್ದೇ.

ಮುಂದಿನ ವಾರ ಸಿಗೋಣ. ನಮಸ್ಕಾರ.