ಚೈತನ್ಯಪಾನೀಯಗಳೂ ವಿದ್ಯಾರ್ಥಿವರ್ಗವೂ

ಪರೀಕ್ಷಾಕಾಲವು ಸಮೀಪಿಸಿತೆಂದರೆ ರಾತ್ರಿಯೆಲ್ಲ ಎಚ್ಚರವಿದ್ದು ಓದಬೇಕೆಂಬ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಅನೇಕರು ‘ಎನರ್ಜಿ ಡ್ರಿಂಕ್’ ಎಂಬ ಪಾನೀಯವನ್ನು ಆಶ್ರಯಿಸುವರು. ಚೈತನ್ಯಪಾನೀಯವೆಂದು ಇದನ್ನು ಕನ್ನಡಿಸಬಹುದು. ಇದರಿಂದ ದೇಹಕ್ಕೆ ಹೊಸ ಶಕ್ತಿ ಬಂದಿತೆಂದು ಕುಡಿದವರು ಭಾವಿಸುವರು. ಈ ಭಾವನೆಯಲ್ಲಿ ಯಥಾರ್ಥವೆಷ್ಟು, ಹೆಸರಿನಿಂದ ಹುಟ್ಟಿದ ಭ್ರಾಂತಿಯೆಷ್ಟು ಎಂಬುದೇ ಪ್ರಕೃತ ವಿಚಾರ.

ಈ ಪಾನೀಯವು ಮೊದಲು ಹುಟ್ಟಿದ್ದು ವಿದ್ಯಾರ್ಥಿಗಳಿಗಾಗಿ ಅಲ್ಲ. ಜಪಾನಿನಲ್ಲಿ 1962ರಲ್ಲಿ ‘ಲಿಪೊವಿಟಾನ್-ಡಿ’ ಎಂಬುದು ಮಾರಾಟಕ್ಕೆ ಬಂದಿತು. ಅನಂತರ ಥಾಯ್ಲೆಂಡಿನಲ್ಲಿ, ಕೆಂಪು ಕಾಟಿ ಎಂಬ ಅರ್ಥದ ‘ಕ್ರಾಟಿಂಗ್ ಡೇಂಗ್’ ಎಂಬ ಪಾನೀಯವು ಲಾರಿ ನಡೆಸುವವರಲ್ಲಿಯೂ ಕೂಲಿಗಾರರಲ್ಲಿಯೂ ಬಳಕೆಯಾಯಿತು. ಅದೇ ರೂಪಾಂತರ ಹೊಂದಿ 1987ರಲ್ಲಿ ಆಸ್ಟ್ರಿಯಾ ದೇಶದಲ್ಲಿ ‘ರೆಡ್ ಬುಲ್’ ಎನಿಸಿತು. ಇದರಲ್ಲಿ ಸೇರಿರುವ ‘ಟಾರಿನ್’ ಎಂಬ ದ್ರವ್ಯದ ಹೆಸರೂ ವೃಷಭವಾಚಕವಾದ ಲ್ಯಾಟಿನ್ ಶಬ್ದದಿಂದಲೇ ಬಂದುದು. 1827ರಲ್ಲಿ ಇದನ್ನು ಮೊದಲು ಎತ್ತಿನ ಪಿತ್ತರಸದಿಂದ ಬೇರ್ಪಡಿಸಿದರು. ಈಗ ಇದು ರಸಾಯನಶಾಲೆಯಲ್ಲಿ ತಯಾರಾಗುವ ವಸ್ತು. ಎತ್ತಿಗೂ ಇದಕ್ಕೂ ಉಳಿದಿರುವ ಸಂಬಂಧವು ವ್ಯುತ್ಪತ್ತಿಯೊಂದೇ.

ನೀರು, ಸಕ್ಕರೆ, ಕೆಫೀನ್, ಟಾರಿನ್, ಕೆಲವು ‘ಬಿ’ ವರ್ಗದ ಜೀವಸತ್ತ್ವಗಳು—ಇವೇ ಸಾಮಾನ್ಯವಾಗಿ ಇದರ ಘಟಕಗಳು. ಇವುಗಳಲ್ಲಿ ಶರೀರಕ್ಕೆ ಇಂಧನವಾಗತಕ್ಕದ್ದು ಸಕ್ಕರೆಯೊಂದೇ. 250 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ ಅದು ಸುಮಾರು 27 ಗ್ರಾಂ ಇರುವುದುಂಟು. ಆದರೆ ಅಷ್ಟು ಸಕ್ಕರೆ ಪಾನಕದಲ್ಲಿಯೂ ದೊರೆಯುವುದಷ್ಟೆ. ನಿದ್ರೆಯನ್ನು ತಡೆಯುವ ಕೆಲಸವೆಲ್ಲ ಕೆಫೀನಿನದು.

ಅದರ ಕ್ರಮವು ಹೀಗೆ. ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ‘ಅಡಿನೊಸಿನ್’ ಎಂಬ ವಸ್ತುವು ಕೂಡುತ್ತ ಬರುವುದು. ಅದು ತನಗಾಗಿ ಇರುವ ಸ್ಥಾನಗಳಲ್ಲಿ ನೆಲಸಿದಾಗ ಆಯಾಸವೂ ತೂಕಡಿಕೆಯೂ ತೋರುವುವು. ಕೆಫೀನು ಆ ಸ್ಥಾನಗಳನ್ನು ತಾನೇ ಆಕ್ರಮಿಸಿಕೊಳ್ಳುವುದರಿಂದ ಆಯಾಸದ ಸುದ್ದಿ ಮಿದುಳನ್ನು ಮುಟ್ಟದು. ಆಯಾಸವಂತೂ ಇದ್ದೇ ಇರುವುದು. ಸಾಲ ಕೊಟ್ಟವನು ಬಂದಾಗ ಬಾಗಿಲು ಹಾಕಿಕೊಂಡರೆ ಸಾಲ ತೀರುವುದಿಲ್ಲ. ಅವನು ಜಗಲಿಯ ಮೇಲೆ ಕುಳಿತೇ ಇರುವನು. ಕುಡಿದ ಕೆಫೀನಿನಲ್ಲಿ ಅರ್ಧಭಾಗವು ಕಳೆಯುವುದಕ್ಕೆ ಸುಮಾರು 5 ಗಂಟೆಗಳು ಬೇಕು. ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಸೇವಿಸಿದರೂ ನಿದ್ರೆಯು ಒಂದು ಗಂಟೆಗೂ ಹೆಚ್ಚು ಕಡಮೆಯಾಗುವುದೆಂದು 2013ರಲ್ಲಿ ಪ್ರಕಟವಾದ ಒಂದು ಪರೀಕ್ಷಣದಿಂದ ತಿಳಿದುಬಂದಿದೆ. ಓದಿದ ವಿಷಯವು ನೆನಪಿನಲ್ಲಿ ಬೇರೂರುವುದು ಬಹುಮಟ್ಟಿಗೆ ನಿದ್ರೆಯಲ್ಲಿಯೇ ಆದುದರಿಂದ, ಈ ನಷ್ಟವು ಇತರರಿಗಿಂತ ವಿದ್ಯಾರ್ಥಿಗೆ ಹೆಚ್ಚಿನದು.

ಚರಕಸಂಹಿತೆಯು ನಿದ್ರೆಯನ್ನು ಶರೀರದ ಮೂರು ಉಪಸ್ತಂಭಗಳಲ್ಲಿ ಒಂದೆಂದು ಎಣಿಸಿ, ಬಲಾಬಲಗಳಂತೆಯೇ ಜ್ಞಾನಾಜ್ಞಾನಗಳೂ ಅದಕ್ಕೆ ಅಧೀನವೆಂದು ಹೇಳುತ್ತದೆ. ವಿದ್ಯಾರ್ಥಿಗೆ ಶ್ವಾನನಿದ್ರೆಯನ್ನು ವಿಧಿಸಿದ ಸುಭಾಷಿತವನ್ನು ಇದಕ್ಕೆ ವಿರೋಧವಾಗಿ ಎತ್ತುವವರುಂಟು. ನಾಯಿಯ ನಿದ್ರೆಯು ಬೇಗ ಕದಡುವುದೇ ಹೊರತು ನಾಯಿಯು ನಿದ್ರೆಗೆಟ್ಟ ಪ್ರಾಣಿಯಲ್ಲ. ಹಗಲಿನಲ್ಲಿ ಯಾವ ಬೀದಿಯನ್ನು ನೋಡಿದರೂ ಇದು ಗೊತ್ತಾಗುವುದು.

ಕಾಫಿಯಲ್ಲಿಯೂ ಇದೇ ಕೆಫೀನು ಇದೆಯಲ್ಲವೆ ಎಂದು ಕೇಳಬಹುದು. ಇದೆ. ಭಾರತದ ಆಹಾರ ಸುರಕ್ಷಾ ಪ್ರಾಧಿಕಾರವು 2016ರಲ್ಲಿ ಇಂಥ ಪಾನೀಯಗಳಿಗೆ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನೆಂದು ಮಿತಿಯನ್ನು ಗೊತ್ತುಪಡಿಸಿತು. ಅದರಂತೆ 250 ಮಿಲಿಲೀಟರಿನ ಡಬ್ಬಿಯಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ ಆಗುವುದು. ಒಂದು ಲೋಟ ಗಟ್ಟಿ ಕಾಫಿಗೂ ಇದಕ್ಕೂ ದೊಡ್ಡ ಅಂತರವಿಲ್ಲ. ಆದರೆ ಬಿಸಿಯಾದ, ಕಹಿಯಾದ ಕಾಫಿಯನ್ನು ಗುಟುಕರಿಸಬೇಕು. ತಣ್ಣಗಿರುವ ಸಿಹಿನೀರನ್ನು ಒಂದೇ ಉಸಿರಿನಲ್ಲಿ ಕುಡಿದು ಮತ್ತೊಂದಕ್ಕೆ ಕೈಚಾಚಬಹುದು. ಆರೋಗ್ಯವಂತರಾದ ವಯಸ್ಕರಿಗೆ ಒಂದು ಸಲಕ್ಕೆ 200, ದಿನಕ್ಕೆ 400 ಮಿಲಿಗ್ರಾಂವರೆಗೆ ಅಪಾಯವಿಲ್ಲವೆಂದು ಯೂರೋಪಿನ ಆಹಾರ ಪ್ರಾಧಿಕಾರವು 2015ರಲ್ಲಿ ನಿರ್ಣಯಿಸಿತು.

ಇದಕ್ಕಿಂತ ಭಯಂಕರವಾದುದು ಮದ್ಯದೊಡನೆ ಇದರ ಮಿಶ್ರಣ. 2010ರ ಅಕ್ಟೋಬರಿನಲ್ಲಿ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ, ಮದ್ಯವೂ ಕೆಫೀನೂ ಕೂಡಿದ ಪಾನೀಯವನ್ನು ಕುಡಿದು ಒಂಬತ್ತು ಮಂದಿ ಕಾಲೇಜು ವಿದ್ಯಾರ್ಥಿಗಳು ಆಸ್ಪತ್ರೆಯನ್ನು ಸೇರಬೇಕಾಯಿತು. ಮುಂದಿನ ತಿಂಗಳಲ್ಲಿಯೇ ಅಲ್ಲಿನ ಸರ್ಕಾರವು ಇಂಥ ಮಿಶ್ರಣವನ್ನು ತಯಾರಿಸುತ್ತಿದ್ದ ನಾಲ್ಕು ಕಂಪೆನಿಗಳಿಗೆ ಎಚ್ಚರಿಕೆಯ ಪತ್ರಗಳನ್ನು ಕಳುಹಿಸಿತು. ಕೆಫೀನಿನಿಂದ ಅಮಲು ಇಳಿಯದು. ಅಮಲೇರಿದೆಯೆಂಬ ಅರಿವು ಮಾತ್ರ ಮಂಕಾಗುವುದು. ಆದ್ದರಿಂದ ಕುಡಿಯುವವನಿಗೆ ನಿಲ್ಲಿಸುವ ಹೊತ್ತು ತಿಳಿಯದು.

ಲಿಥುವೇನಿಯಾ 2014ರಲ್ಲಿ, ಪೋಲೆಂಡ್ 2024ರಲ್ಲಿ 18 ವರ್ಷ ತುಂಬದವರಿಗೆ ಈ ಪಾನೀಯಗಳ ಮಾರಾಟವನ್ನು ನಿಷೇಧಿಸಿದುವು. ಕಾಲೇಜಿನವರಲ್ಲಿ ಬಹುಮಂದಿ ಆ ವಯಸ್ಸನ್ನು ದಾಟಿದವರಾದುದರಿಂದ, ಇಂಥ ಕಾನೂನು ಅವರನ್ನು ಮುಟ್ಟುವುದಿಲ್ಲ.