ಮರುಭೂಮಿಯ ನೆತ್ತಿಯಲ್ಲಿ ಸ್ಕೀಯಿಂಗ್

ಅಮೆರಿಕದ ನೆವಾಡ ರಾಜ್ಯದಲ್ಲಿರುವ ಲಾಸ್ ವೇಗಸ್ ನಗರ ಮೊಹಾವಿ ಮರುಭೂಮಿಯ ನಡುವಿನ ಊರು. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 10 ಸೆಂಟಿಮೀಟರ್ ಮಾತ್ರ. ಆ ಊರಿನಿಂದ ಕಾರಿನಲ್ಲಿ ಒಂದು ಗಂಟೆ ಪಯಣಿಸಿದರೆ ಲೀ ಕ್ಯಾನ್ಯನ್ ಎಂಬ ಪುಟ್ಟ ಸ್ಕೀ ತಾಣ ಸಿಗುತ್ತದೆ ಎಂದರೆ ನಿಮಗೆ ಅಚ್ಚರಿಯಾದೀತು. 1960ರ ದಶಕದಿಂದಲೂ ಜನ ಅಲ್ಲಿ ಹಿಮದ ಮೇಲೆ ಜಾರುತ್ತಿದ್ದಾರೆ.

ಈ ಅಚ್ಚರಿಯ ಅರ್ಧದಷ್ಟು ಎತ್ತರದ ಲೆಕ್ಕದಲ್ಲೇ ಬಗೆಹರಿಯುತ್ತದೆ. ನಗರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ, ಸ್ಕೀ ತಾಣದ ಬುಡವೇ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಒಂದು ಕಿಲೋಮೀಟರ್ ಏರಿದರೆ ತಾಪ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅಂದರೆ 13 ಡಿಗ್ರಿಗಳ ವ್ಯತ್ಯಾಸ. ಆದರೆ ತಂಪಿದ್ದ ಮಾತ್ರಕ್ಕೆ ಹಿಮ ಬೀಳಬೇಕೆಂದೇನೂ ಇಲ್ಲ. ಆ ಕೊರತೆಯನ್ನು ಯಂತ್ರ ತುಂಬುತ್ತದೆ. ಇಲ್ಲಿ ಮರುಭೂಮಿಯ ಒಣಗಾಳಿಯೇ ನೆರವಿಗೆ ಬರುತ್ತದೆ!

ಹಿಮದ ಗನ್ ಎಂಬ ಯಂತ್ರ ನೀರನ್ನು ಸಣ್ಣ ತುಂತುರಾಗಿ ಗಾಳಿಗೆ ಎರಚುತ್ತದೆ. ಹನಿ ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟಬೇಕು. 1 ಗ್ರಾಂ ನೀರು ಹೆಪ್ಪುಗಟ್ಟುವಾಗ 334 ಜೂಲ್ ಗುಪ್ತೋಷ್ಣವನ್ನು ಹೊರಬಿಡುತ್ತದೆ. 1 ಗ್ರಾಂ ನೀರು ಆವಿಯಾಗಲು ಸುಮಾರು 2,500 ಜೂಲ್ ಬೇಕು. ಆದ್ದರಿಂದ 1 ಗ್ರಾಂ ಆವಿಯಾದರೆ 7 ಗ್ರಾಂ ಹೆಪ್ಪುಗಟ್ಟುವಾಗ ಬಿಡುವ ಉಷ್ಣವನ್ನು ಅದು ಹೊತ್ತೊಯ್ಯಬಲ್ಲದು. ಬೇಸಿಗೆಯಲ್ಲಿ ಮಡಕೆಯ ನೀರು ಮಂಗಳೂರಿಗಿಂತ ಕಲಬುರಗಿಯಲ್ಲಿ ಚೆನ್ನಾಗಿ ತಣಿಯುವುದು ಇದೇ ಕಾರಣದಿಂದ. ಗಾಳಿ ಒಣಗಿದಷ್ಟೂ ಬಾಷ್ಪೀಕರಣ ಹೆಚ್ಚು.

ಆದ್ದರಿಂದ ಹಿಮ ತಯಾರಕರು ನೋಡುವುದು ಬರಿಯ ತಾಪಮಾಪಿಯನ್ನಲ್ಲ, ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ ತಾಪಮಾಪಿಯ ಅಂಕಿಯನ್ನು. ಈ ‘ಆರ್ದ್ರ ಬಲ್ಬ್ ತಾಪ’ ಸುಮಾರು –2 ಡಿಗ್ರಿಗಿಂತ ಕೆಳಗಿರಬೇಕು. ಲೀ ಕ್ಯಾನ್ಯನ್ನಿನಷ್ಟು ಎತ್ತರದಲ್ಲಿ ಗಾಳಿಯ ತಾಪ +2 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 20 ಎನ್ನೋಣ. ಆಗ ಆರ್ದ್ರ ಬಲ್ಬ್ ತಾಪ ಸುಮಾರು –4 ಡಿಗ್ರಿ. ಹಿಮ ತಯಾರಿಸಬಹುದು! ಅದೇ ತಾಪದಲ್ಲಿ ಆರ್ದ್ರತೆ ಶೇ. 90 ಇದ್ದರೆ ಸೊನ್ನೆಗಿಂತ ಕೆಳಗಿಳಿಯದು. ಸುರಿಯುವುದು ಬರಿಯ ನೀರು.

ಹಾಗಾದರೆ ನೀರೆಲ್ಲಿಂದ? ಒಣನಾಡಿನಲ್ಲಿ ಇದೇ ಕಷ್ಟದ ಪ್ರಶ್ನೆ. ನೆರೆಯ ಅರಿಜೋನ ರಾಜ್ಯದಲ್ಲಿ 1938ರಷ್ಟು ಹಳೆಯದಾದ ಸ್ನೋಬೌಲ್ ತಾಣವಿದೆ. ಫ್ಲ್ಯಾಗ್‌ಸ್ಟಾಫ್ ಊರಿನ ಚರಂಡಿ ನೀರನ್ನು ಶುದ್ಧೀಕರಿಸಿ 2012ರ ಚಳಿಗಾಲದಿಂದ ಅಲ್ಲಿ ಹಿಮ ಮಾಡಲಾಗುತ್ತಿದೆ. ಆ ಬೆಟ್ಟಗಳು ಹೋಪಿ, ನವಾಹೊ ಮೊದಲಾದ ಮೂಲನಿವಾಸಿಗಳಿಗೆ ಪವಿತ್ರ. ಅವರು ನ್ಯಾಯಾಲಯಕ್ಕೆ ಹೋದರು; 2008ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಅವರ ವಿರುದ್ಧ ಬಂತು. ನೀರು ಎಷ್ಟು ಶುದ್ಧ ಎಂಬುದನ್ನು ಪ್ರಯೋಗಾಲಯ ಹೇಳಬಹುದು. ಅವರ ಆಕ್ಷೇಪ ಅಷ್ಟಕ್ಕೇ ಸೀಮಿತವಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಹೀಗೆ ದುಬಾರಿಯಾದ ಹಿಮವನ್ನು ಎಲ್ಲ ಇಳಿಜಾರುಗಳಿಗೂ ಹಾಸಲಾಗದು. ಚಿಕ್ಕ ತಾಣಗಳಿಗೆ ‘ಟೆರೇನ್ ಪಾರ್ಕ್’ ಅನುಕೂಲವಾಗುವುದು ಇಲ್ಲೇ. ಒಂದೇ ಇಳಿಜಾರಿನಲ್ಲಿ ಹಿಮದ ದಿಬ್ಬ, ಕಂಬಿ, ಪೆಟ್ಟಿಗೆಗಳನ್ನು ಜೋಡಿಸಿ, ಸ್ಕೀ ಅಥವಾ ಸ್ನೋಬೋರ್ಡ್ ತೊಟ್ಟವರು ಹಾರಲು, ಜಾರಲು ಮಾಡಿದ ಆಟದ ಜಾಗವದು. ಯಂತ್ರದ ಹಿಮ ಹೂವಿನಂತಹ ಹರಳಲ್ಲ, ಪುಟ್ಟ ಮಂಜುಗಡ್ಡೆಯ ಮಣಿ. ಹೊಸದಾಗಿ ಬಿದ್ದ ಸಹಜ ಹಿಮಕ್ಕಿಂತ ಅದು ನಾಲ್ಕೈದು ಪಟ್ಟು ಸಾಂದ್ರ. ಹಾಗಾಗಿ ಕೊಟ್ಟ ಆಕಾರವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ.

ಹಾರಿದವರಿಗೆ ಪೆಟ್ಟಾಗುವುದು ಎತ್ತರದಿಂದ ಎಂದು ನೀವು ಭಾವಿಸಿರಬಹುದು. ನಿಜವಾಗಿ ಮುಖ್ಯವಾದುದು ನೆಲಕ್ಕೆ ಲಂಬವಾಗಿರುವ ವೇಗದ ಘಟಕ. ಒಬ್ಬಳು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ, ಕ್ಷಿತಿಜಕ್ಕೆ 35 ಡಿಗ್ರಿ ಕೆಳಮುಖವಾಗಿ ಬಂದು ಇಳಿಯುತ್ತಾಳೆ ಎನ್ನೋಣ. ನೆಲ 30 ಡಿಗ್ರಿ ಇಳಿಜಾರಾಗಿದ್ದರೆ ಕೋನದ ವ್ಯತ್ಯಾಸ ಕೇವಲ 5 ಡಿಗ್ರಿ. ಲಂಬ ಘಟಕ ಸೆಕೆಂಡಿಗೆ ಸುಮಾರು 1 ಮೀಟರ್. 6 ಸೆಂಟಿಮೀಟರ್ ಎತ್ತರದಿಂದ ಧುಮುಕಿದಷ್ಟೇ ಪೆಟ್ಟು. ನೆಲ ಸಮತಟ್ಟಾಗಿದ್ದರೆ? ಆ ಘಟಕ ಸುಮಾರು 6.9 ಮೀಟರ್ ಆಗುತ್ತದೆ, 2.4 ಮೀಟರ್ ಮೇಲಿಂದ ಗಟ್ಟಿ ನೆಲಕ್ಕೆ ಬಿದ್ದಂತೆ. ಹಾರಾಟ ಒಂದೇ, ಇಳಿಯುವ ನೆಲ ಬೇರೆ. ಲಂಬ ವೇಗದ ವರ್ಗವನ್ನು 2gಯಿಂದ ಭಾಗಿಸಿ, ನೀವೇ ಪರೀಕ್ಷಿಸಿ.

ಮರುನಾಡಿನ ಶುಭ್ರ ಆಕಾಶ ಇದನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ರಾತ್ರಿ ಹಿಮ ತನ್ನ ಉಷ್ಣವನ್ನು ಆಕಾಶಕ್ಕೆ ವಿಕಿರಿಸಿ ಕಲ್ಲಿನಂತಾಗುತ್ತದೆ; ಮಧ್ಯಾಹ್ನದ ಬಿಸಿಲಿಗೆ ಕೆಸರಿನಂತೆ ಮೆತ್ತಗಾಗುತ್ತದೆ. ಬೆಳಿಗ್ಗೆ ಘರ್ಷಣೆ ಕಡಿಮೆಯಾದ್ದರಿಂದ ವೇಗ ಹೆಚ್ಚಿ, ಹಾರಿದವನು ಇಳಿಜಾರನ್ನು ದಾಟಿ ಸಮತಟ್ಟಿನಲ್ಲಿ ಬೀಳಬಹುದು. ಮಧ್ಯಾಹ್ನ ಅದೇ ದಿಬ್ಬದಿಂದ ಹಾರಿ ಇಳಿಜಾರನ್ನು ಮುಟ್ಟದೆಯೇ ಬೀಳಬಹುದು.

ಪರಿಹಾರವಿದೆ: ಹಾರುವ ಪಥಕ್ಕೆ ಹೊಂದುವಂತೆ ಇಳಿಜಾರನ್ನು ಉದ್ದವಾಗಿ ಕಟ್ಟುವುದು. ಆಗ ವೇಗ ಹೆಚ್ಚುಕಡಿಮೆಯಾದರೂ ಪೆಟ್ಟು ಸಣ್ಣದೇ. ಆದರೆ ಅದಕ್ಕೆ ಹಿಮ ಬೇಕು. 30 ಡಿಗ್ರಿ ಇಳಿಜಾರಿನ, 3 ಮೀಟರ್ ಎತ್ತರದ, 10 ಮೀಟರ್ ಅಗಲದ ಚಿಕ್ಕ ದಿಬ್ಬಕ್ಕೇ ಸುಮಾರು 78 ಘನ ಮೀಟರ್ ಹಿಮ ಹಿಡಿಯುತ್ತದೆ. ಯಂತ್ರದ ಹಿಮದ ಸಾಂದ್ರತೆಯಲ್ಲಿ ಅದು 35,000 ಲೀಟರ್ ನೀರು.