ಒಂದು ಪುಟದಲ್ಲಿ ನೂರಿಪ್ಪತ್ತೊಂದು ನುಡಿಗಳು

ಅಂಕಿ-ಅಂಶಗಳ ಕೋಷ್ಟಕವೆಂದೊಡನೆ ಸಾಹಿತ್ಯಾಸಕ್ತರು ಪುಟ ಮಗುಚುವುದು ಸಹಜ. ಆದರೆ ಕೋಷ್ಟಕವೂ ಒಂದು ಬಗೆಯ ಬರವಣಿಗೆಯೇ. ಗದ್ಯವನ್ನು ಸಾಲಿನಿಂದ ಸಾಲಿಗೆ ಓದುತ್ತೇವೆ; ಕೋಷ್ಟಕವನ್ನಾದರೋ ಹೋಲಿಸುತ್ತ ಓದುತ್ತೇವೆ. ಹೋಲಿಸಬೇಕಾದ ಸಂಖ್ಯೆಗಳು ಒಟ್ಟಿಗೆ ಕಣ್ಣಿಗೆ ಬೀಳದಿದ್ದರೆ ಓದು ಅಲ್ಲಿಗೇ ಮುರಿಯುತ್ತದೆ. ದೀರ್ಘ ಕೋಷ್ಟಕವನ್ನು ಒಂದೇ ಪುಟಕ್ಕೆ ತರಬೇಕೆನ್ನುವುದು ಈ ಕಾರಣಕ್ಕೆ, ಕಾಗದದ ಉಳಿತಾಯಕ್ಕಲ್ಲ.

ನಿದರ್ಶನಕ್ಕೆ 2011ರ ಜನಗಣತಿಯ ಭಾಷಾ ಕೋಷ್ಟಕವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಹೆಸರು ಪಡೆದ ಭಾಷೆಗಳು 121: ಸಂವಿಧಾನದ ಎಂಟನೆಯ ಅನುಸೂಚಿಯವು 22, ಉಳಿದವು 99. 'ಇತರ', 'ಒಟ್ಟು' ಎಂಬ ಎರಡು ಸಾಲುಗಳನ್ನು ಸೇರಿಸಿದರೆ 123. ಪುಟವನ್ನು ಮೂರು ಅಂಕಣಗಳಾಗಿ ಸೀಳಿದರೆ ಒಂದೊಂದಕ್ಕೆ 41 ಸಾಲು. ಪ್ರತಿ ಅಂಕಣದ ನೆತ್ತಿಯಲ್ಲೂ ಶೀರ್ಷಿಕೆ ಮತ್ತೆ ಬರಬೇಕು. ಲಂಬ ಗೆರೆಗಳು ಬೇಡ. ಐದು ಸಾಲಿಗೊಮ್ಮೆ ಕೊಂಚ ತೆರಪು ಬಿಟ್ಟರೆ ಕಣ್ಣು ದಾರಿ ತಪ್ಪದು. ಅಕ್ಷರವನ್ನು ಕಿರಿದಾಗಿಸುವುದು ಕಟ್ಟಕಡೆಯ ಉಪಾಯ.

ಸ್ಥಳ ನಿಜವಾಗಿ ಉಳಿಯುವುದು ಅಂಕಿಗಳಲ್ಲಿ. ಕನ್ನಡ ಮಾತೃಭಾಷೆಯವರು 4,37,06,512 ಎಂದಿದೆ. ಹೋಲಿಕೆಗೆ ಕೊನೆಯ 512 ಏನೂ ನೆರವಾಗದು. ಹಾಗೆಂದು ಕೋಟಿಯನ್ನು ಮಾನವಾಗಿ ಹಿಡಿದರೆ 1,13,857 ಮಂದಿಯ ಕೊಡವ ನುಡಿ ಸೊನ್ನೆಯಾಗಿಬಿಡುತ್ತದೆ! ಆದುದರಿಂದ ಮಾನವನ್ನು ಆರಿಸಬೇಕಾದುದು ಅತಿ ದೊಡ್ಡ ಸಾಲನ್ನು ನೋಡಿ ಅಲ್ಲ, ಅತಿ ಚಿಕ್ಕದನ್ನು ನೋಡಿ. ಸಾವಿರಗಳಲ್ಲಿ ಹೇಳಿದರೆ ಹಿಂದಿ 5,28,347, ಕನ್ನಡ 43,707, ಕೊಡವ 114, ಸಂಸ್ಕೃತ 25. ಯಾರೂ ಅಳಿಯಲಿಲ್ಲ, ಸ್ಥಳವೂ ಉಳಿಯಿತು.

ಇನ್ನು ಸಾಲುಗಳ ಕ್ರಮ. ಅಕಾರಾದಿಯು ಹುಡುಕುವವನಿಗೆ ಅನುಕೂಲ; ಇಳಿಕೆಯ ಕ್ರಮ ತಿಳಿಯಬಯಸುವವನಿಗೆ. ಭಾಷೆಗಳನ್ನೆಲ್ಲ ಸಂಖ್ಯೆಯ ಇಳಿಕೆಯಲ್ಲಿ ನಿಲ್ಲಿಸಿದರೆ, ಅನುಸೂಚಿಯ ಹೊರಗಿದ್ದ ತುಳು (1,846) ಅನುಸೂಚಿಯೊಳಗಿನ ಮಣಿಪುರಿ (1,761), ಬೋಡೊ (1,483) ಇವುಗಳ ಮೇಲೆ ಕುಳಿತಿರುವುದು ತಾನಾಗಿ ಕಾಣುತ್ತದೆ. ಎರಡು ಬೇರೆ ಪಟ್ಟಿಗಳಲ್ಲಿ ಈ ಸಂಗತಿ ಅಡಗಿಯೇ ಇರುತ್ತದೆ.

ಆದರೆ ಮುದ್ರಕನ ಕೈಸೇರುವ ಮೊದಲೇ ಈ ಕೋಷ್ಟಕ ಬಹಳಷ್ಟು ಕುಗ್ಗಿರುತ್ತದೆಂಬುದನ್ನು ಮರೆಯಲಾಗದು. ಆ ಗಣತಿಯಲ್ಲಿ ಜನ ತಮ್ಮ ಮಾತೃಭಾಷೆಯೆಂದು ಹೇಳಿದ ಹೆಸರುಗಳು 19,569. ಪರಿಶೀಲನೆಯ ಬಳಿಕ ಅವು 1,369 ಮಾತೃಭಾಷೆಗಳಾದವು. ವರ್ಗೀಕರಣಕ್ಕೆ ಸಿಕ್ಕದ 1,474 ಹೆಸರುಗಳು ಬದಿಗೆ ಸರಿದವು. ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ 270 ಮಾತೃಭಾಷೆಗಳು 121 ಭಾಷೆಗಳ ಅಡಿಯಲ್ಲಿ ಗುಂಪುಗೂಡಿದವು. ನೀಲಗಿರಿಯ ಬಡಗ ನುಡಿ ಕನ್ನಡದ ಸಾಲಿನೊಳಗೆ ಸೇರಿಹೋಗಿರುವುದು ಹೀಗೆ. ಹತ್ತು ಸಾವಿರದ ಈ ಗೆರೆ 1971ರ ಗಣತಿಯಿಂದ ಬಂದದ್ದು. ಕರಾವಳಿಯ ಕೊರಗ ನುಡಿಯನ್ನು ಆ 121ರಲ್ಲಿ ಹುಡುಕಿದರೆ ಸಿಗದು.

ಸಂಗ್ರಹವೆಂದರೆ ಬಿಡುವುದು; ಬಿಡದೆ ಗತ್ಯಂತರವಿಲ್ಲ. ಬಿಟ್ಟುದನ್ನು ಹೇಳದಿರುವುದು ಮಾತ್ರ ಅಪಚಾರ. 'ಇತರ' ಎಂಬ ಸಾಲಿನೊಳಗೆ ಇರುವವರೂ ತಾಯಿಯ ಮಡಿಲಲ್ಲಿ ಮಾತು ಕಲಿತವರೇ. ಆದುದರಿಂದ ಪುಟದ ಅಡಿಯಲ್ಲಿ ಎರಡು ಸಾಲಿನ ಟಿಪ್ಪಣಿಗೆ ಜಾಗ ಇರಲೇಬೇಕು: ಯಾವ ಗೆರೆಯ ಕೆಳಗಿನವರನ್ನು ಬಿಡಲಾಗಿದೆ, ಯಾವುದರೊಳಗೆ ಯಾವುದನ್ನು ಸೇರಿಸಲಾಗಿದೆ ಎಂದು. ಜಾಗ ಸಾಲದೆ ಬಂದರೆ ಅಲಂಕಾರದ ಗೆರೆಗಳನ್ನು ತೆಗೆಯೋಣ, ಅಂಚನ್ನು ಕಿರಿದುಮಾಡೋಣ. ಆ ಎರಡು ಸಾಲನ್ನು ಮಾತ್ರ ತೆಗೆಯುವುದು ಬೇಡ.